ಕ್ವೇಕ್ ಆಟದ ಮಾರ್ಪಾಡುಗಳಲ್ಲಿ ಕ್ಲೈಂಟ್–ಸರ್ವರ್ ಸಂವಾದ: ಒಂದು ಚಾರಿತ್ರಿಕ ವಿವೇಚನೆ

ಹಲವರು ಏಕಕಾಲದಲ್ಲಿ ಆಡುವ ಕಂಪ್ಯೂಟರ್ ಆಟಗಳನ್ನು ಮಾರ್ಪಡಿಸುವ ವಿದ್ಯೆಯನ್ನು ಕುರಿತು ಬರೆದವರು ಸಾಮಾನ್ಯವಾಗಿ ಒಂದು ಸೂತ್ರವನ್ನು ಹೇಳುವುದುಂಟು: ಸರ್ವರ್ ನಿರ್ಣಯಿಸುತ್ತದೆ, ಕ್ಲೈಂಟ್ ತೋರಿಸುತ್ತದೆ. ಹೊಸದಾಗಿ ಕಲಿಯುವವರಿಗೆ ಈ ಸೂತ್ರವು ಅನುಕೂಲವಾದುದೇ ಸರಿ. ಆದರೆ ಚರಿತ್ರೆಯ ದೃಷ್ಟಿಯಿಂದ ಅದು ಅರ್ಧ ಸತ್ಯವೆಂದು ನಮಗೆ ತೋರುತ್ತದೆ. ಇವೆರಡರ ನಡುವಣ ಗಡಿಯು ಎಂದೂ ಒಂದೇ ಕಡೆ ನಿಂತುದಲ್ಲ. ಅದು ಸರಿದಾಗಲೆಲ್ಲ ಮಾರ್ಪಾಡುಗಾರನ ಸ್ವಾತಂತ್ರ್ಯವೂ ಹಿಗ್ಗಿದೆ, ಇಲ್ಲವೆ ಕುಗ್ಗಿದೆ. ಕ್ವೇಕ್ ಆಟವನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಈ ಅಂಶವನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಐಡಿ ಸಾಫ್ಟ್‌ವೇರ್ ಸಂಸ್ಥೆಯವರು 1999ರ ಡಿಸೆಂಬರಿನಲ್ಲಿ ಅದರ ಎಂಜಿನ್ನಿನ ಮೂಲಪಾಠವನ್ನು ಬಹಿರಂಗಗೊಳಿಸಿದುದರಿಂದ ನಮಗೆ ಪ್ರಥಮ ದರ್ಜೆಯ ಆಕರವೇ ದೊರೆತಂತಾಗಿದೆ.

ಕ್ವೇಕಿಗೆ ಮುಂಚೆ, 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟದಲ್ಲಿ ಸರ್ವರ್ ಎಂಬುದೇ ಇರಲಿಲ್ಲ. ನಾಲ್ವರು ಆಟಗಾರರ ನಾಲ್ಕು ಯಂತ್ರಗಳೂ ಒಂದೇ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡುತ್ತಿದ್ದುವು. ಸೆಕೆಂಡಿಗೆ 35 ಬಾರಿ ಪ್ರತಿಯೊಬ್ಬನೂ ಒತ್ತಿದ ಕೀಲಿಗಳ ವಿವರವಷ್ಟೆ ಪರಸ್ಪರ ವಿನಿಮಯವಾಗುತ್ತಿತ್ತು. ಒಬ್ಬನ ಕಡತ ಮಿಕ್ಕವರದಕ್ಕಿಂತ ಭಿನ್ನವಾಗಿದ್ದರೆ ಲೆಕ್ಕಗಳು ತಾಳೆಯಾಗದೆ ಆಟವೇ ನಿಂತುಹೋಗುತ್ತಿತ್ತು. ಆದುದರಿಂದ ಮಾರ್ಪಾಡು ಎಲ್ಲರ ಬಳಿಯಲ್ಲಿಯೂ ಅಕ್ಷರಶಃ ಒಂದೇ ಆಗಿರಬೇಕಿತ್ತು.

1996ರ ಜೂನ್ 22ರಂದು ಹೊರಬಂದ ಕ್ವೇಕ್ ಈ ಏರ್ಪಾಡನ್ನು ಕೈಬಿಟ್ಟಿತು. ಆಟದ ನಿಯಮಗಳನ್ನು ಕ್ವೇಕ್‌ಸಿ ಎಂಬ ಸಣ್ಣ ಭಾಷೆಯಲ್ಲಿ ಬರೆದು, ಅವು ಸರ್ವರ್ ಯಂತ್ರದಲ್ಲಿ ಮಾತ್ರ ನಡೆಯುವಂತೆ ಮಾಡಲಾಯಿತು. ಹೊಸ ಚಿತ್ರ, ಹೊಸ ಸದ್ದು ಬೇಡವಾದಲ್ಲಿ ಆಟಗಾರನು ಏನನ್ನೂ ತರಿಸಿಕೊಳ್ಳದೆಯೇ ಮಾರ್ಪಟ್ಟ ಆಟವನ್ನು ಸೇರಬಹುದಾಗಿತ್ತು. ಇದು ಬಹು ದೊಡ್ಡ ಸೌಕರ್ಯ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ನಮ್ಮ ಲೇಖಕರು ಅಷ್ಟಾಗಿ ಗಮನಿಸಿಲ್ಲ. ಕ್ಲೈಂಟಿನ ಶಬ್ದಭಂಡಾರ ಹುಟ್ಟಿನಿಂದಲೇ ನಿಶ್ಚಿತವಾಗಿತ್ತು. ಮಾರ್ಪಾಡುಗಾರನು ಅದಕ್ಕೆ ಒಂದು ಹೊಸ ಪದವನ್ನೂ ಕಲಿಸಲಾರನು. ಕ್ಲೈಂಟಿನಿಂದ ಸರ್ವರಿಗೆ ಹೋಗುತ್ತಿದ್ದುದಾದರೂ ಏನು? ನೋಟದ ದಿಕ್ಕು, ಚಲನೆಯ ಪ್ರಮಾಣ, ಗುಂಡಿ ಒತ್ತಿದ ಗುರುತು, ಹಾಗೂ 'ಇಂಪಲ್ಸ್' ಎಂಬ ಒಂದೇ ಬೈಟಿನ ಸಂಖ್ಯೆ. ಮೂಲ ಆಟದಲ್ಲಿ 1ರಿಂದ 8ರವರೆಗಿನ ಇಂಪಲ್ಸುಗಳು ಆಯುಧಗಳ ಆಯ್ಕೆಗೆ ಮೀಸಲು. ಉಳಿದ ಸಂಖ್ಯೆಗಳೇ ಮಾರ್ಪಾಡುಗಾರನಿಗೆ ದೊರೆತ ಬಯಲು. 1996ರಲ್ಲಿ ಆಸ್ಟ್ರೇಲಿಯದ ರಾಬಿನ್ ವಾಕರ್, ಜಾನ್ ಕುಕ್ ಮತ್ತು ಇಯಾನ್ ಕಾಗ್ಲೆ ರಚಿಸಿದ ಟೀಮ್ ಫೋರ್ಟ್ರೆಸ್ ಈ ಬಯಲಿನಲ್ಲಿ ಬೆಳೆದ ಬೆಳೆ. ಆಟಗಾರನು ಬಂದು ಸೇರಿದೊಡನೆ ಅವನ ಯಂತ್ರಕ್ಕೆ ಸರ್ವರಿನಿಂದಲೇ ಆಜ್ಞೆಗಳನ್ನು ಕಳುಹಿಸಿ, ಇಂಥ ಹೆಸರೆಂದರೆ ಇಂಥ ಇಂಪಲ್ಸ್ ಎಂದು ಅಲ್ಲಿ ದಾಖಲಿಸಿಬಿಡುವುದು ಅವರ ಉಪಾಯ. ಕ್ಲೈಂಟಿಗೆ ಹೊಸ ಮಾತು ಬಾರದಿದ್ದರೂ ಹಳೆಯ ಮಾತಿಗೆ ಹೊಸ ಅರ್ಥ ಬಂದಿತು.

ಇದಕ್ಕೂ ಸಾಹಸದ ಮಾರ್ಗ ಬೇರೊಂದಿತ್ತು. ಕ್ವೇಕ್‌ಸಿಯಲ್ಲಿ ಸಂದೇಶದ ಬೈಟುಗಳನ್ನು ಮಾರ್ಪಾಡುಗಾರನೇ ಒಂದೊಂದಾಗಿ ಬರೆದು ಜಾಲಕ್ಕೆ ಬಿಡಬಹುದಾಗಿತ್ತು: ಮೊದಲು 23 ಎಂಬ ಸಂಖ್ಯೆ, ಬಳಿಕ ಸ್ಫೋಟದ ಜಾತಿ, ಬಳಿಕ ಮೂರು ನಿರ್ದೇಶಾಂಕಗಳು. ನಿರ್ದೇಶಾಂಕಕ್ಕೆ ಎರಡು ಬೈಟು; ಅಳತೆಯ ಎಂಟನೆಯ ಒಂದು ಭಾಗಕ್ಕಿಂತ ಸೂಕ್ಷ್ಮವಾದುದು ಅದರಲ್ಲಿ ಹಿಡಿಯದು. ಕೋನಕ್ಕೆ ಒಂದೇ ಬೈಟು. ಇಡೀ ವೃತ್ತಕ್ಕೆ 256 ದಿಕ್ಕುಗಳು. ಸಂದೇಶ ಸಂದೇಶಗಳ ನಡುವೆ ಗೆರೆಯಿಲ್ಲ, ಉದ್ದದ ಸೂಚನೆಯಿಲ್ಲ. ಪದಗಳ ನಡುವೆ ತೆರಪಿಲ್ಲದ ಓಲೆಗರಿಯ ಗ್ರಂಥವನ್ನು ಓದಿದವರಿಗೆ ಈ ಕಷ್ಟದ ಪರಿಚಯವಿದ್ದೇ ಇರುತ್ತದೆ: ಒಂದು ಅಕ್ಷರ ತಪ್ಪಿದರೆ ಮುಂದಿನದೆಲ್ಲ ಅಪಪಾಠ. ಆದರೆ ಓಲೆ ಓದುವವನು ಹಿಂದಿರುಗಿ ಊಹಿಸಿ ತಿದ್ದಿಕೊಳ್ಳಬಲ್ಲನು. ಕ್ವೇಕಿನ ಕ್ಲೈಂಟ್ ಸಂದೇಶ ಓದಲಾಗದೆಂದು ಸಾರಿ ಆಟವನ್ನೇ ಮುಗಿಸಿಬಿಡುತ್ತಿತ್ತು. ಸರ್ವರಿನಲ್ಲಿ ಒಬ್ಬನು ಬರೆಯಲು ಮರೆತ ಒಂದು ಬೈಟು ದೂರದಲ್ಲಿದ್ದ ಎಲ್ಲರನ್ನೂ ಹೊರದೂಡುತ್ತಿತ್ತೆಂದ ಮೇಲೆ, ಮಾರ್ಪಾಡುಗಾರನ ಹೊಣೆ ಎಂಥದೆಂಬುದನ್ನು ಊಹಿಸಬಹುದು.

ಇಷ್ಟರಲ್ಲಿಯೇ ಗಡಿಯು ಮತ್ತೆ ಸರಿಯಿತು. ತಾನು 200 ಮಿಲಿಸೆಕೆಂಡಿಗೂ ಕಡಿಮೆ ವಿಳಂಬವನ್ನು ನೆನೆದು ಆಟವನ್ನು ಕಟ್ಟಿದ್ದಾಗಿಯೂ, ಮೋಡೆಮ್ ಮೂಲಕ ಬರುವ ಬಹುಜನರಿಗೆ 300ಕ್ಕೂ ಮೀರಿದ ವಿಳಂಬವಾಗುತ್ತಿರುವುದಾಗಿಯೂ ಜಾನ್ ಕಾರ್ಮಾಕ್ 1996ರ ಆಗಸ್ಟಿನಲ್ಲಿ ಒಪ್ಪಿಕೊಂಡರು. ಕೀಲಿ ಒತ್ತಿದ ಮೇಲೆ ಆ ಸುದ್ದಿ ಸರ್ವರಿಗೆ ಹೋಗಿ ಬರುವ ತನಕ ಆಟಗಾರನ ಕಾಲು ಕದಲುತ್ತಿರಲಿಲ್ಲ. ಅದೇ ಡಿಸೆಂಬರಿನ ಕ್ವೇಕ್‌ವರ್ಲ್ಡ್ ಇದಕ್ಕೆ ಪರಿಹಾರ ಕಂಡಿತು: ಕ್ಲೈಂಟ್ ತನ್ನ ಚಲನೆಯನ್ನು ತಾನೇ ಮುಂಗಂಡು ತೋರಿಸುವುದು, ಸರ್ವರಿನ ಉತ್ತರ ಬಂದಾಗ ತಿದ್ದಿಕೊಳ್ಳುವುದು. ಆದರೆ ಮುನ್ನೋಟ ನಿಜವಾಗಬೇಕಾದರೆ ಚಲನೆಯ ನಿಯಮ ಎರಡು ಕಡೆಗಳಲ್ಲಿಯೂ ಒಂದೇ ಆಗಿರಬೇಕಷ್ಟೆ.

ಇದರ ಫಲವನ್ನು ಒಂದು ಸಂಖ್ಯೆಯಲ್ಲಿ ಕಾಣಬಹುದು. ಮೂಲ ಕ್ವೇಕಿನಲ್ಲಿ ಆಟಗಾರನ ಜಿಗಿತವು ಕ್ವೇಕ್‌ಸಿಯಲ್ಲಿತ್ತು. ಮೇಲ್ಮುಖ ವೇಗಕ್ಕೆ 270ನ್ನು ಕೂಡಿಸುವ ಒಂದು ಸಾಲು. ಬಯಸಿದವರು ಅದನ್ನು 500 ಮಾಡಬಹುದಾಗಿತ್ತು. ಕ್ವೇಕ್‌ವರ್ಲ್ಡಿನಲ್ಲಿ ಆ 270 ಎಂಜಿನ್ನಿನೊಳಕ್ಕೆ, ಕ್ಲೈಂಟ್ ಸರ್ವರುಗಳೆರಡಕ್ಕೂ ಸಮಾನವಾದ ಭಾಗಕ್ಕೆ ಹೋಗಿ ಸೇರಿತು. ಕ್ವೇಕ್‌ಸಿಯ ಆ ಭಾಗವನ್ನು ಈಗ ಓದಿದರೆ ಜಿಗಿತದ ಸದ್ದು ಮಾತ್ರ ಅಲ್ಲಿ ಉಳಿದಿರುವುದು ಕಂಡುಬರುತ್ತದೆ. ಇದನ್ನು ನಾವು ಬರಿಯ ತಾಂತ್ರಿಕ ಸುಧಾರಣೆಯೆಂದು ಒಪ್ಪಲಾರೆವು. ಮೋಡೆಮಿನ ಆಟಗಾರನ ಸುಖಕ್ಕಾಗಿ ಮಾರ್ಪಾಡುಗಾರನ ಭೂಮಿಯ ಒಂದು ತುಂಡು ಎಂಜಿನ್ನಿನ ಖಾತೆಗೆ ಸೇರಿತು. ಆ ಸುಖ ಅನಿವಾರ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ನಷ್ಟವನ್ನು ತುಂಬುವ ಯತ್ನವೂ ನಡೆಯಿತು: ಮಾರ್ಪಾಡು 'ಮ್ಯಾಕ್ಸ್‌ಸ್ಪೀಡ್' ಎಂಬ ಅಂಕಣವನ್ನು ತಾನಾಗಿ ಘೋಷಿಸಿಕೊಂಡಿದ್ದರೆ ಎಂಜಿನ್ ಅದನ್ನು ಹುಡುಕಿ ಓದಿ, ಆಯಾ ಆಟಗಾರನ ವೇಗಮಿತಿಯನ್ನು ಅವನ ಕ್ಲೈಂಟಿಗೆ ತಿಳಿಸುತ್ತಿತ್ತು. ಚುರುಕಾದವನೂ ಭಾರದವನೂ ಒಂದೇ ಕಣದಲ್ಲಿರುವ ಟೀಮ್ ಫೋರ್ಟ್ರೆಸ್ಸಿನಂಥ ಆಟಕ್ಕೆ ಇದು ಅತ್ಯಗತ್ಯ.

1998ರ ನವೆಂಬರಿನಲ್ಲಿ ಬಂದ ಹಾಫ್‌ಲೈಫ್ ಕ್ವೇಕಿನ ಎಂಜಿನ್ನಿನಿಂದಲೇ ಬೆಳೆದುದು. ಅದರ ಮಾರ್ಪಾಡುಗಾರರ ಕೈಗೆ ಸರ್ವರಿನ ಭಾಗವಲ್ಲದೆ ಕ್ಲೈಂಟಿನ ಭಾಗವೂ ದೊರೆಯಿತು. ಚಲನೆಯ ನಿಯಮಗಳ ಕಡತಗಳು ಎರಡರಲ್ಲಿಯೂ ಸೇರುವಂತಾದುವು. ಸಂದೇಶಗಳಿಗೆ ಹೆಸರನ್ನೂ ಉದ್ದವನ್ನೂ ಮೊದಲೇ ನೋಂದಾಯಿಸುವ ಕ್ರಮವೂ ಬಂದಿತು. ಆದರೆ ಆಟಗಾರನು ಮತ್ತೆ ಡೂಮಿನ ದಿನಗಳಂತೆ ಮಾರ್ಪಾಡನ್ನು ತಾನೂ ತಂದಿಟ್ಟುಕೊಳ್ಳಬೇಕಾಯಿತು. 1999ರಲ್ಲಿ ಆರಂಭವಾದ ಕೌಂಟರ್‌ಸ್ಟ್ರೈಕ್ ಈ ಹೊಸ ವ್ಯವಸ್ಥೆಯ ಫಲ.

ವಾಲ್ವ್ ಸಂಸ್ಥೆಯ ಯಾನ್ ಬರ್ನಿಯರ್ 2001ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಸೂತ್ರವು ಪೂರ್ತಿ ತಿರುಗಿ ನಿಲ್ಲುತ್ತದೆ. ಗುಂಡು ಹಾರಿಸಿದವನ ಸಂದೇಶ ಬಂದಾಗ ಸರ್ವರ್ ಇತರ ಆಟಗಾರರನ್ನು, ಹಾರಿಸಿದವನು ಅವರನ್ನು ಎಲ್ಲಿ ಕಂಡನೋ ಅಲ್ಲಿಗೆ ಹಿಂದಿರುಗಿಸಿ ತೀರ್ಪು ಹೇಳುತ್ತದೆ. ಆಗಲೇ ಗೋಡೆಯ ಮರೆಗೆ ಸರಿದವನಿಗೂ ಹೀಗೆ ಪೆಟ್ಟು ಬೀಳಬಹುದು. ನಿರ್ಣಯ ಸರ್ವರಿನದೇ, ಆದರೆ ಸಾಕ್ಷ್ಯ ಕ್ಲೈಂಟಿನ ಕಣ್ಣಿನದು. ಈ ಏರ್ಪಾಡನ್ನು ಒಪ್ಪುವುದೋ ಬಿಡುವುದೋ ಎಂದು ಎಂಜಿನ್ ಮಾರ್ಪಾಡನ್ನೇ ಕೇಳುತ್ತದೆ. ಅದಕ್ಕಾಗಿ ಹಾಫ್‌ಲೈಫಿನ ಸರ್ವರ್ ಕಡತದಲ್ಲಿ ಒಂದು ಪುಟ್ಟ ವಿಧಿಯಿದೆ. ಕ್ಲೈಂಟಿನಲ್ಲಿ ಆಯುಧಗಳ ಮುನ್ನೋಟವನ್ನು ಬರೆದು ಪರೀಕ್ಷಿಸುವ ತನಕ ಬಹುತೇಕ ಆಟಗಳು 0 ಎಂದು ಉತ್ತರಿಸುವುದು ಲೇಸೆಂದು ಅದರ ಮೇಲಿನ ಟಿಪ್ಪಣಿ ಎಚ್ಚರಿಸುತ್ತದೆ. ಕೆಳಗಿನ ಸಾಲಿನಲ್ಲಿ ಬರೆದಿರುವ ಉತ್ತರ 1.