ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ಮುಖಜಭೂಮಿಯಲ್ಲಿ ಹಾಯಿದೋಣಿ ವಿಹಾರ
ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳು ಕೂಡುವೆಡೆಯ ಆಳವಿಲ್ಲದ ಕವಲುಗಳಲ್ಲಿ ನಡೆಯುವ ನೌಕಾವಿಹಾರ. ಈ ಮುಖಜಭೂಮಿ ಕಡಲತೀರದಲ್ಲಿಲ್ಲ, ಒಳನಾಡಿನಲ್ಲಿದೆ. ಇದರ ನೀರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮೂಲಕ ಸಾಗರ ಸೇರುತ್ತದೆ. ಏರಿಗಳ ಹಿಂದಿನ ಹಲವು ದ್ವೀಪಗಳ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ.

ಬೇಸಿಗೆಯ ಪಡುವಣ ಗಾಳಿ ದೋಣಿಯನ್ನು ಸಲೀಸಾಗಿ ಒಳನಾಡಿಗೆ ಒಯ್ಯುತ್ತದೆ. ಮರಳುವಾಗ ಅದೇ ಎದುರುಗಾಳಿ. ಉಬ್ಬರ ಏರುತ್ತಿರುವಾಗ ಕವಲು ಹೊಕ್ಕರೆ, ಕೆಸರಲ್ಲಿ ಸಿಕ್ಕ ದೋಣಿಯನ್ನು ನೀರೇ ಎತ್ತಿ ಬಿಡಿಸುತ್ತದೆ.

ಇಕ್ಕಟ್ಟಿನ ಕವಲಿನಲ್ಲಿ ಲಂಗರು ಹಾಕಿದ ದೋಣಿ ಸುತ್ತ ತಿರುಗಲು ಜಾಗವಿರದು. ಆದ್ದರಿಂದ ಮುಂದೊಂದು, ಹಿಂದೊಂದು ಲಂಗರು ಇಳಿಸುವುದು ರೂಢಿ. ಇಳಿತದಲ್ಲೂ ತಳ ತಾಗದ ಸ್ಥಳವನ್ನು ಆರಿಸಿ, ಉಬ್ಬರದ ಆಳವನ್ನು ಲೆಕ್ಕಹಾಕಿ ಹಗ್ಗ ಬಿಡಬೇಕು. ಟೂಲಿ ಎಂಬ ಜೊಂಡು ದಡದಲ್ಲಿ ಗಾಳಿಗೆ ಮರೆಯಾಗುತ್ತದೆ; ತೇಲುವ ಅಂತರಗಂಗೆ ಎಂಜಿನ್‌ನ ಪಂಖಕ್ಕೆ ಸುತ್ತಿಕೊಳ್ಳುವ ಅಪಾಯವಿದೆ.