0.53: ದೇವದುರ್ಗವನ್ನು ಎಣಿಸಿದವರು ಯಾರು?

ವೀಕ್ಷಕರೇ, ಇವತ್ತು ಒಂದೇ ಒಂದು ನಂಬರ್ ಇಟ್ಟುಕೊಂಡು ಮಾತಾಡೋಣ. 0.53. ಸೊನ್ನೆ ಬಿಂದು ಐದು ಮೂರು. ಇದು ಷೇರು ಮಾರ್ಕೆಟ್ಟಿನ ಅಂಕಿ ಅಲ್ಲ, ಕ್ರಿಕೆಟ್ಟಿನ ರನ್‌ರೇಟೂ ಅಲ್ಲ. ಇದು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು.

2000ದಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಬಗ್ಗೆ ಒಂದು ಸಮಿತಿ ಮಾಡಿತು. 2002ರ ಜೂನ್‌ನಲ್ಲಿ ವರದಿ ಬಂತು. ರಾಜ್ಯದ 175 ತಾಲ್ಲೂಕುಗಳನ್ನು 35 ಮಾನದಂಡಗಳಿಂದ ಅಳೆದಿದ್ದರು. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ ಎಲ್ಲ ಸೇರಿಸಿ ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟರು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗೆ ಬಿದ್ದ ತಾಲ್ಲೂಕುಗಳು 114. ಅದರಲ್ಲಿ 39 'ಅತ್ಯಂತ ಹಿಂದುಳಿದವು'. ಮಾನ್ವಿ ಆ ಪಟ್ಟಿಯಲ್ಲಿತ್ತು. ದೇವದುರ್ಗ ಎಲ್ಲರಿಗಿಂತ ಕಡೇ ಸ್ಥಾನದಲ್ಲಿತ್ತು.

ಅವಮಾನ ಅನ್ನಿಸುತ್ತೆ ಅಲ್ವಾ? ಆದರೆ ಸ್ವಲ್ಪ ತಾಳಿ. ಆ ನಂಬರ್ ಬರೋಕೆ ಮುಂಚೆ ದೇವದುರ್ಗ ಹೇಗಿತ್ತೋ, ಬಂದ ಮೇಲೂ ಹಾಗೇ ಇತ್ತು. ಬದಲಾಗಿದ್ದು ಒಂದೇ. ಬೆಂಗಳೂರಲ್ಲಿ ಕೂತವರು 'ನಮಗೆ ಗೊತ್ತಿರಲಿಲ್ಲ' ಅನ್ನೋ ಹಾಗಿಲ್ಲ. ಎಂಟು ವರ್ಷಕ್ಕೆ ಸುಮಾರು 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಗೆ ವರದಿ ಶಿಫಾರಸು ಮಾಡಿತು. 371ಡಿ ವಿಧಿಯ ಮೂಲಕ ಆಂಧ್ರಕ್ಕೆ 1973ರಲ್ಲೇ ವಿಶೇಷ ಸ್ಥಾನ ಸಿಕ್ಕಿತ್ತು. ನಮಗೂ ಬೇಕು ಎಂದು ದಶಕಗಳಿಂದ ಕೂಗುತ್ತಿದ್ದ ಹೈದರಾಬಾದ್ ಕರ್ನಾಟಕದ ಹೋರಾಟಗಾರರ ಕೈಗೆ ಈ ವರದಿ ಒಂದು ದಾಖಲೆ ಆಯ್ತು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಅಂಗೀಕರಿಸಿತು. 371ಜೆ ಬಂತು.

ಅಂದರೆ ಎಣಿಸಿದರೆ ಹಣ ಬರುತ್ತೆ, ಎಣಿಸದಿದ್ದರೆ ಬರೀ ಭಾಷಣ ಬರುತ್ತೆ. ಹಾಗಾದರೆ ಮುಂದಿನ ಪ್ರಶ್ನೆ: ದೇಶವನ್ನು ಎಣಿಸುವವರು ಯಾರು? ಅವರಿಗೆ ದುಡ್ಡು ಕೊಡುವವರು ಯಾರು? ಅವರ ಪ್ಲಾನ್ ಏನು ಅಂತ ಕೇಳುವವರು ಯಾರು?

ಕೃಷ್ಣಾ, ತುಂಗಭದ್ರೆಯ ನಡುವಿನ ಈ ದೋಆಬ್ ನೆಲಕ್ಕೆ ಲೆಕ್ಕ ಹೊಸದಲ್ಲ. ರಾಜರು ಇದಕ್ಕಾಗಿ ಶತಮಾನಗಟ್ಟಲೆ ಬಡಿದಾಡಿದರು. 1853ರಲ್ಲಿ ನಿಜಾಮರು ಸೈನ್ಯದ ಸಾಲದ ಬಾಬ್ತಿಗೆ ರಾಯಚೂರು ದೋಆಬನ್ನು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಕೊಟ್ಟರು, 1860ರಲ್ಲಿ ವಾಪಸ್ ಪಡೆದರು. ಒತ್ತೆ ಇಟ್ಟ ಒಡವೆ ಥರ! 1876–78ರ ಧಾತು ಈಶ್ವರ ಬರ ಈ ಸೀಮೆಯನ್ನು ಹಿಂಡಿ ಹಾಕಿತು. 1881ರಲ್ಲಿ ನಿಜಾಮ್ ಸಂಸ್ಥಾನದಲ್ಲಿ ಮೊದಲ ಜನಗಣತಿ ಆಯ್ತು. ಆಗೆಲ್ಲ ಲೆಕ್ಕ ಇದ್ದದ್ದು ಆಳುವವರಿಗಾಗಿ. ಕಂದಾಯ ಎಷ್ಟು, ಜಮೀನು ಎಷ್ಟು, ತಲೆ ಎಷ್ಟು. ಆ ಲೆಕ್ಕ ತೋರಿಸಿ 'ನಮಗೇನು ಕೊಟ್ಟಿರಿ' ಅಂತ ಜನ ಕೇಳುವಂತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಸಂಬಂಧ ತಿರುಗಬೇಕಿತ್ತು. 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ಆಯ್ತು. ಪಿ.ಸಿ. ಮಹಲನೋಬಿಸ್, ಡಿ.ಆರ್. ಗಾಡ್ಗೀಳ್, ವಿ.ಕೆ.ಆರ್.ವಿ. ರಾವ್, ಮೂರೇ ಜನ. ರಾವ್ ಅವರು ನಮಗೆ ದೂರದವರಲ್ಲ. ಮುಂದೆ 1967ರಲ್ಲಿ ಪಕ್ಕದ ಬಳ್ಳಾರಿಯಿಂದ ಲೋಕಸಭೆಗೆ ಹೋದರು, ಕೇಂದ್ರ ಮಂತ್ರಿಯಾದರು, 1972ರಲ್ಲಿ ಬೆಂಗಳೂರಲ್ಲಿ ಐಸೆಕ್ ಸಂಸ್ಥೆ ಕಟ್ಟಿದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದರೆ ಎನ್‌ಎಸ್‌ಎಸ್ ಶುರುವಾಯ್ತು. 1951ರಲ್ಲಿ ಕೇಂದ್ರ ಸಾಂಖ್ಯಿಕ ಸಂಘಟನೆ. ಬಡ ದೇಶವೊಂದು ಮನೆಮನೆಗೆ ಹೋಗಿ 'ಏನು ಉಣ್ತೀರಿ, ಏನು ದುಡೀತೀರಿ' ಅಂತ ಕೇಳೋಕೆ ಹೊರಟಿದ್ದು ಆಗ ಜಗತ್ತಿಗೇ ದೊಡ್ಡ ಸುದ್ದಿ.

ಇಲ್ಲೊಂದು ಸಣ್ಣ ಲೆಕ್ಕ ಹೇಳಬೇಕು. ಎಂಜಿನಿಯರಿಂಗ್ ಓದಿದವನು, ಚಟ ಬಿಡಲ್ಲ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು. ಮಾದರಿ ಸಮೀಕ್ಷೆ ಅಂದರೆ ಅದೇ. ಆದರೆ ಅದು ಒಂದೇ ಪಾತ್ರೆಯ ಅನ್ನ ಆಗಿದ್ದರೆ ಮಾತ್ರ. ಕರ್ನಾಟಕದ 31 ಜಿಲ್ಲೆ ಅಂದರೆ 31 ಒಲೆ, 31 ಪಾತ್ರೆ. ಬೆಳಗಾವಿ ಪಾತ್ರೆಯ ಅಗುಳು ಹಿಸುಕಿ ರಾಯಚೂರಿನ ಅನ್ನ ಬೆಂದಿದೆ ಅನ್ನೋಕಾಗುತ್ತಾ?

ಆದರೆ ದಶಕಗಳ ಕಾಲ ನಡೆದಿದ್ದು ಬಹುತೇಕ ಹಾಗೇ. ಎನ್‌ಎಸ್‌ಎಸ್ ಕರ್ನಾಟಕವನ್ನು ನಾಲ್ಕು ಪ್ರದೇಶ ಮಾಡಿಕೊಂಡಿತ್ತು. ಅದರಲ್ಲಿ 'ಒಳನಾಡು ಉತ್ತರ' ಅನ್ನೋದೊಂದು. ಬೆಳಗಾವಿ, ಧಾರವಾಡದ ಜೊತೆಯಲ್ಲೇ ರಾಯಚೂರು. ಧಾರವಾಡದ ಸಂಬಳದಾರ, ಬೆಳಗಾವಿಯ ಕಬ್ಬು ಬೆಳೆಗಾರ, ದೇವದುರ್ಗದಿಂದ ಗುಳೆ ಹೋಗುವ ಕೂಲಿ, ಎಲ್ಲ ಒಂದೇ ಸರಾಸರಿ. ಗುಳೆ ಹೋದವರ ಕಥೆ ಇನ್ನೂ ಕಷ್ಟ. ಬೀಗ ಹಾಕಿದ ಮನೆಯಲ್ಲಿ ಯಾರನ್ನು ಕೇಳ್ತೀರಿ? ಒಂದು ತಿಂಗಳಿಗಿಂತ ಹೆಚ್ಚು, ಆರು ತಿಂಗಳಿಗಿಂತ ಕಡಿಮೆ ಕಾಲ ಊರು ಬಿಟ್ಟು ದುಡಿಯೋಕೆ ಹೋಗುವವರ ಬಗ್ಗೆ 2007–08ರ 64ನೇ ಸುತ್ತಿನ ಸಮೀಕ್ಷೆಯಲ್ಲಿ ಪ್ರಶ್ನೆ ಇತ್ತು. ಆದರೆ ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ರಾಯಚೂರಿನ ಕೈಗಳೆಷ್ಟು ಅಂತ ಜಿಲ್ಲಾವಾರು ಹೇಳೋಕೆ ಮಾದರಿಯೇ ಸಾಲದು.

ಮಾನ್ವಿ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ಇದೆ, ನಕ್ಷೆಯಲ್ಲಿ ನೀರಾವರಿ ಪ್ರದೇಶ. ಆದರೆ ಕಾಲುವೆಯ ಕೊನೇ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದನ್ನು ನೀವು ಟಿವಿಯಲ್ಲಿ ನೋಡ್ತಾನೇ ಇರ್ತೀರಿ. ತಾಲ್ಲೂಕಿನ ಸರಾಸರಿಯಲ್ಲಿ ಮೇಲ್ಭಾಗದವರ ಭತ್ತ ಕಾಣುತ್ತೆ, ಕೆಳಭಾಗದವರ ಒಣ ಹೊಲ ಕಾಣಲ್ಲ.

ಮಾದರಿ ಯಾಕೆ ದೊಡ್ಡದು ಮಾಡಲ್ಲ? ದುಡ್ಡು ಬೇಕು. ಮನೆಗೆ ಹೋಗಿ ಕೇಳುವ ಸಿಬ್ಬಂದಿ ಬೇಕು. ಆ ದುಡ್ಡು ಎಷ್ಟು ಅನ್ನೋದು ಕೇಂದ್ರ ಬಜೆಟ್‌ನಲ್ಲಿ ಅಂಕಿಅಂಶ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯದ ಅನುದಾನ ಬೇಡಿಕೆಯಲ್ಲಿ ಇರುತ್ತೆ. ಈಗ ನಾವು ದೆಹಲಿಗೆ ಹೋಗಬೇಕು.

ಬಜೆಟ್ ಮಂಡನೆ ದಿನ ನಾವೆಲ್ಲ ಇಡೀ ದಿನ ಲೈವ್ ಕೊಡ್ತೀವಿ. ಆದರೆ ನಿಜವಾದ ಕೆಲಸ ಆಮೇಲೆ. ಸದನ ಕೆಲವು ವಾರ ಬಿಡುವು ತಗೊಳ್ಳುತ್ತೆ. ಆಗ ಸಂಸತ್ತಿನ ಸ್ಥಾಯಿ ಸಮಿತಿಗಳು ಒಂದೊಂದು ಸಚಿವಾಲಯದ ಲೆಕ್ಕವನ್ನು ಕೆದಕಬೇಕು. 1993ರಲ್ಲಿ 17 ಸಮಿತಿಗಳಿಂದ ಈ ವ್ಯವಸ್ಥೆ ಶುರುವಾಯ್ತು, 2004ರಲ್ಲಿ 24 ಆಯ್ತು. ಒಂದೊಂದರಲ್ಲಿ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಅಂಕಿಅಂಶ ಸಚಿವಾಲಯ ಬರೋದು ಹಣಕಾಸು ಸ್ಥಾಯಿ ಸಮಿತಿಯ ಮುಂದೆ. 2014ರಿಂದ 2019ರವರೆಗೆ ಇದರ ಅಧ್ಯಕ್ಷರಾಗಿದ್ದವರು ನಮ್ಮ ಎಂ. ವೀರಪ್ಪ ಮೊಯ್ಲಿ.

ಈ ಸಮಿತಿ ಅಧಿಕಾರಿಗಳನ್ನು ಕರೆಸಬಹುದು. ಕೊಟ್ಟ ಹಣ ಯಾಕೆ ಖರ್ಚಾಗಿಲ್ಲ, ಹುದ್ದೆ ಯಾಕೆ ಖಾಲಿ, ಸಮೀಕ್ಷೆ ಯಾಕೆ ತಡ ಅಂತ ಕೇಳಬಹುದು. ವರದಿ ಎರಡೂ ಸದನಗಳ ಮುಂದೆ ಬರುತ್ತೆ, ಏನು ಕ್ರಮ ತಗೊಂಡಿರಿ ಅಂತ ಸಚಿವಾಲಯ ಉತ್ತರ ಕೊಡಬೇಕು. ಆದರೆ ಶಿಫಾರಸು ಒಪ್ಪಲೇಬೇಕು ಅಂತಿಲ್ಲ. ಸಭೆಗೆ ಕ್ಯಾಮೆರಾ ಇಲ್ಲ. ಆಮೇಲೆ ಸದನದಲ್ಲಿ ನಾಲ್ಕೈದು ದೊಡ್ಡ ಸಚಿವಾಲಯಗಳ ಮೇಲೆ ಚರ್ಚೆಯಾಗುತ್ತೆ. ಉಳಿದ ಎಲ್ಲ ಬೇಡಿಕೆಗಳನ್ನು ಒಂದೇ ಏಟಿಗೆ ಮತಕ್ಕೆ ಹಾಕಿ ಮುಗಿಸ್ತಾರೆ. ಅದಕ್ಕೆ ಹೆಸರೇ ಗಿಲೋಟಿನ್, ತಲೆ ಕತ್ತರಿಸುವ ಯಂತ್ರ! ಅಂಕಿಅಂಶದಂಥ ಸಣ್ಣ ಸಚಿವಾಲಯದ ಲೆಕ್ಕ ಸಾಮಾನ್ಯವಾಗಿ ಪಾಸಾಗೋದು ಹೀಗೇ. ಅಂದರೆ ಯಾರಾದರೂ ನಿಜವಾಗಿ ಪ್ರಶ್ನೆ ಕೇಳೋದಿದ್ದರೆ ಅದು ಆ ಸಮಿತಿ ಕೋಣೆಯಲ್ಲೇ.

ಇನ್ನೊಂದು ಸ್ವಾರಸ್ಯ ಇದೆ ನೋಡಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಎಂಪಿ ಲ್ಯಾಡ್ಸ್, ಇರೋದೂ ಇದೇ ಸಚಿವಾಲಯದಲ್ಲಿ. ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ. ಎರಡೂ ಸದನ ಸೇರಿಸಿದರೆ ಸುಮಾರು 3,950 ಕೋಟಿ. ಸಚಿವಾಲಯದ ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಇದೇ. ದೇಶವನ್ನು ಎಣಿಸುವ ಕೆಲಸಕ್ಕೆ ಉಳಿಯೋದು ಸಣ್ಣ ಪಾಲು. ಈಗ ನೀವೇ ಹೇಳಿ, ಈ ಲೆಕ್ಕ ನೋಡೋಕೆ ಕೂತ ಸಂಸದರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ? ರಾಯಚೂರು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ. ಐದು ಕೋಟಿಯನ್ನು ಸಮ ಹಂಚಿದರೆ ಮಾನ್ವಿಗೆ 62.5 ಲಕ್ಷ, ದೇವದುರ್ಗಕ್ಕೆ 62.5 ಲಕ್ಷ. ಸಮುದಾಯ ಭವನ ಕಣ್ಣಿಗೆ ಕಾಣುತ್ತೆ, ಶಿಲಾನ್ಯಾಸದ ಕಲ್ಲಲ್ಲಿ ಹೆಸರೂ ಇರುತ್ತೆ. ಸರಿಯಾದ ಅಂಕಿ ಹಾಗೆ ಕಾಣಲ್ಲ. ಆದರೆ ಸಾವಿರಾರು ಕೋಟಿ ಎಲ್ಲಿಗೆ ಹರೀಬೇಕು ಅಂತ ನಿರ್ಧಾರ ಮಾಡೋದು ಆ ಅಂಕಿ.

ಎಣಿಸುವವರು ಸರ್ಕಾರದ ಅಧೀನದಲ್ಲೇ ಇದ್ದರೆ ಏನಾಗುತ್ತೆ? ಸಿ. ರಂಗರಾಜನ್ ಆಯೋಗ 2001ರಲ್ಲೇ ಎಚ್ಚರಿಸಿತ್ತು: ಒಂದು ಸ್ವತಂತ್ರ, ಕಾನೂನುಬದ್ಧ ಆಯೋಗ ಬೇಕು ಅಂತ. 2006ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗ ಕೆಲಸ ಶುರು ಮಾಡಿತು. ಆದರೆ ಸಂಸತ್ತಿನ ಕಾಯ್ದೆಯಿಂದ ಅಲ್ಲ, ಬರೀ ಸರ್ಕಾರಿ ನಿರ್ಣಯದಿಂದ. ಅದರ ಬೆಲೆ 2019ರಲ್ಲಿ ಗೊತ್ತಾಯ್ತು. ಆಯೋಗ ಒಪ್ಪಿದ ಉದ್ಯೋಗ ಸಮೀಕ್ಷೆಯ ವರದಿ ಹೊರಬರಲಿಲ್ಲ. ಜನವರಿ 28ರಂದು ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್, ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ನಿರುದ್ಯೋಗ 6.1 ಪರ್ಸೆಂಟ್ ಅನ್ನೋ ಆ ವರದಿ ಅಧಿಕೃತವಾಗಿ ಬಂದದ್ದು ಮೇ 31ಕ್ಕೆ, ಚುನಾವಣೆ ಮುಗಿದ ಮೇಲೆ. ಅದೇ ವರ್ಷ ನವೆಂಬರ್‌ನಲ್ಲಿ 2017–18ರ ಕುಟುಂಬ ವೆಚ್ಚ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲ ಅಂತ ಸರ್ಕಾರ ಕೈಬಿಟ್ಟಿತು. 2011–12ರ ನಂತರ ಜನ ಏನು ಉಣ್ತಾರೆ ಅನ್ನೋ ಅಧಿಕೃತ ಅಂಕಿ ಸಿಗೋಕೆ 2022–23ರ ಸಮೀಕ್ಷೆವರೆಗೂ ಕಾಯಬೇಕಾಯ್ತು.

ಬ್ರಿಟನ್‌ನಲ್ಲೂ ಅಂಕಿಅಂಶದ ಮೇಲೆ ಜನರಿಗೆ ಅನುಮಾನ ಬಂದಿತ್ತು. ಅವರು 2007ರಲ್ಲಿ ಕಾಯ್ದೆ ಮಾಡಿ, ಸಾಂಖ್ಯಿಕ ಪ್ರಾಧಿಕಾರವನ್ನು ಮಂತ್ರಿಗಳಿಂದ ದೂರ ಇಟ್ಟು ನೇರವಾಗಿ ಸಂಸತ್ತಿಗೇ ಉತ್ತರದಾಯಿ ಮಾಡಿದರು. ನಮ್ಮಲ್ಲೂ 2019ರಲ್ಲಿ ಒಂದು ಕರಡು ಮಸೂದೆ ಬಂತು. ಕಾಯ್ದೆ ಆಗಲಿಲ್ಲ.

ಜನಗಣತಿ ಬೇರೆ ಮನೆಯ ಕೂಸು, ಗೃಹ ಸಚಿವಾಲಯದ್ದು. ಆದರೆ ಕಥೆ ಅದೇ. 1881ರಿಂದ 2011ರವರೆಗೆ, ಎರಡನೇ ಮಹಾಯುದ್ಧದ ನಡುವೆಯೂ ಹತ್ತು ವರ್ಷಕ್ಕೊಮ್ಮೆ ನಡೆದ ಗಣತಿ 2021ರಲ್ಲಿ ತಪ್ಪಿತು. ಮೊದಲು ಕೋವಿಡ್ ಕಾರಣ. ಆಮೇಲೆ? ಉತ್ತರ ಬಜೆಟ್ ಪುಸ್ತಕದಲ್ಲೇ ಇತ್ತು. 2021–22ಕ್ಕೆ ಇಟ್ಟಿದ್ದು 3,768 ಕೋಟಿ. 2025–26ಕ್ಕೆ ಇಟ್ಟಿದ್ದು 574.80 ಕೋಟಿ. ಆ ವರ್ಷ ಗಣತಿ ನಡೆಯಲ್ಲ ಅನ್ನೋದನ್ನು ಯಾವ ಮಂತ್ರಿಯೂ ಹೇಳಬೇಕಿರಲಿಲ್ಲ. ಕೊನೆಗೆ 2025ರ ಜೂನ್‌ನಲ್ಲಿ ಸರ್ಕಾರ ಹೇಳಿತು: ಎಣಿಕೆಯ ದಿನಾಂಕ 2027ರ ಮಾರ್ಚ್ 1.

ಇದರಿಂದ ರಾಯಚೂರಿಗೆ ಏನು? ಆಹಾರ ಭದ್ರತಾ ಕಾಯ್ದೆಯ ಪಡಿತರ ಮಿತಿ ನಿಂತಿರೋದು 2011ರ ಜನಸಂಖ್ಯೆ ಮೇಲೆ. ಆಗ ಜಿಲ್ಲೆಯ ಜನಸಂಖ್ಯೆ 19,28,812, ಸಾಕ್ಷರತೆ 59.56 ಪರ್ಸೆಂಟ್. ಆಮೇಲೆ ಮದುವೆಯಾಗಿ ಹೊಸ ಒಲೆ ಹೂಡಿದವರು, ಹುಟ್ಟಿದ ಮಕ್ಕಳು ಆ ಮಿತಿಯ ಲೆಕ್ಕದಲ್ಲಿಲ್ಲ. ಇನ್ನೊಂದು ಪೆಟ್ಟು ತೆರಿಗೆ ಪಾಲಿನದ್ದು. 14ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು 4.713 ಪರ್ಸೆಂಟ್ ಇತ್ತು. 15ನೇ ಆಯೋಗದಲ್ಲಿ 3.647ಕ್ಕೆ ಇಳೀತು. ಆ ಆಯೋಗದ ಹಂಚಿಕೆ ಸೂತ್ರದಲ್ಲಿ 45 ಪರ್ಸೆಂಟ್ ತೂಕ ತಲಾ ಆದಾಯದ ಅಂತರಕ್ಕೆ ಇತ್ತು. ಬೆಂಗಳೂರಿನ ಆದಾಯದಿಂದ ಕರ್ನಾಟಕ ಶ್ರೀಮಂತ ಅಂತ ಕಾಣುತ್ತೆ, ಆ ಸರಾಸರಿಯ ದಂಡವನ್ನು ದೇವದುರ್ಗವೂ ಕಟ್ಟುತ್ತೆ.

ಒಳ್ಳೇ ಸುದ್ದಿ ಇಲ್ಲವೇ ಇಲ್ಲ ಅಂತಲ್ಲ. 2018ರಲ್ಲಿ ಕೇಂದ್ರ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ರಾಯಚೂರು, ಯಾದಗಿರಿ ಎರಡೇ ಸೇರಿದವು. 2025ರ ಜನವರಿಯಿಂದ ಎನ್‌ಎಸ್‌ಎಸ್ ಸಮೀಕ್ಷೆಗಳಲ್ಲಿ ಜಿಲ್ಲೆಯೇ ಮಾದರಿಯ ಮೂಲ ಘಟಕ ಆಗಿದೆ. ಕೊನೆಗೂ ನಮ್ಮ ಪಾತ್ರೆಯಿಂದಲೂ ಒಂದು ಅಗುಳು ತೆಗೀತಾರೆ. ಆದರೆ ಆ ಅಗುಳಿನಿಂದ ಜಿಲ್ಲೆಯ ಬಗ್ಗೆ ನಂಬುವಂಥ ಅಂಕಿ ಬರಬೇಕಾದರೆ ಸಿಬ್ಬಂದಿ ಬೇಕು, ಹಣ ಬೇಕು, ವರ್ಷವರ್ಷ ಬೇಕು.

ಹಾಗಾಗಿ ನಮ್ಮ ಸಂಸದರು ಮುಂದಿನ ಸಲ ವೋಟು ಕೇಳೋಕೆ ಬಂದಾಗ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ. ರಾಯಚೂರು ಜಿಲ್ಲೆಯ ಪ್ರತ್ಯೇಕ ಅಂಕಿ ಯಾವಾಗ ಬರುತ್ತೆ? ಗುಳೆ ಹೋದವರನ್ನು ಎಲ್ಲಿ ಎಣಿಸ್ತೀರಿ? ಅದಕ್ಕೆ ಈ ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದಾರೆ ಅಂತ ನೀವು ಕೇಳಿದಿರಾ? ನಮ್ಮ ಶಾಸಕರಿಗೂ ಒಂದು ಪ್ರಶ್ನೆ ಇದೆ. 371ಜೆ ಪ್ರಕಾರ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು. ಅದನ್ನು ಓದಿದಿರಾ?

ನಂಜುಂಡಪ್ಪ ವರದಿ ಬಂದು ಎರಡು ದಶಕ ದಾಟಿದೆ. ದೇವದುರ್ಗ ಈಗಲೂ 0.53 ಇದೆಯಾ, ಏರಿದೆಯಾ, ಇಳಿದಿದೆಯಾ? ಈ ಪ್ರಶ್ನೆಗೆ ಪ್ರತಿವರ್ಷ ಉತ್ತರ ಸಿಗಬೇಕು. ಇಪ್ಪತ್ತು ವರ್ಷಕ್ಕೊಂದು ಸಮಿತಿ ಮಾಡಿ ತಿಳ್ಕೊಳ್ಳೋ ವಿಷಯ ಅಲ್ಲ ಇದು.