ಮುತ್ತು ಬಿಡಿಸಿದವರ ಮುಂದಾಳುತನ: ಎಲ್ಲಮ್ಮನ ಗುಡ್ಡದ ಸೀಮೆಯಲ್ಲಿ ಜನನಿರ್ವಹಣೆಯ ಒಂದು ಪ್ರಕರಣ

ಸವದತ್ತಿ ತಾಲ್ಲೂಕಿನ ಉಗರಗೋಳಕ್ಕೆ ಹೊಂದಿಕೊಂಡ ಎಲ್ಲಮ್ಮನ ಗುಡ್ಡವನ್ನು ಜಾನಪದ ಮತ್ತು ಸಮಾಜಶಾಸ್ತ್ರದ ವಿದ್ವಾಂಸರು ಬಹಳ ಸಲ ಏರಿದ್ದಾರೆ. ಕಚೇರಿ, ಕಾರ್ಖಾನೆಗಳ ನಾಯಕತ್ವವನ್ನು ಅಭ್ಯಸಿಸುವವರಿಗೂ ಆ ಸೀಮೆಯಲ್ಲಿ ಕಲಿಯುವುದಿದೆ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಒತ್ತಾಸೆಯಿಂದ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು 1997ರಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ‘ಮಾಸ್’, ಈ ಲೇಖನದ ವಸ್ತು. ಇಲ್ಲಿ ಮುಂದಾಳಿನ ಅರ್ಹತೆ ಪದವಿಯಿಂದ ಬಂದದ್ದಲ್ಲ. ಯಾವ ಬದುಕಿನಿಂದ ಬಿಡಿಸಬೇಕಿತ್ತೋ ಅದನ್ನೇ ಬಾಳಿದ್ದರಿಂದ ಬಂದದ್ದು ಎಂಬುದು ನನ್ನ ವಾದ.

ಮೊದಲು ಕಾನೂನಿನ ಮಾತು. ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರದು. ಅದರಡಿ ಹುಡುಗಿಗೆ ಮುತ್ತು ಕಟ್ಟಿಸಿದವರಿಗೆ, ಅಂದರೆ ಅವಳನ್ನು ದೇವಿಗೆ ಸಮರ್ಪಿಸಿದವರಿಗೆ, ಮೂರು ವರ್ಷದವರೆಗೆ ಸೆರೆಯಿತ್ತು; ಕಟ್ಟಿಸಿದವರು ಹೆತ್ತವರೋ ಬಂಧುಗಳೋ ಆಗಿದ್ದರೆ ಎರಡರಿಂದ ಐದು ವರ್ಷ. ಗುಡ್ಡದ ಮೇಲೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಕಾವಲು ಬಿಗಿಯಾದಂತೆ ಸಮರ್ಪಣೆಯ ಆಚರಣೆ ಗುಡ್ಡ ಇಳಿದು ಮನೆಯೊಳಗೆ ಸೇರಿತು. ತಾಯಿಯೇ ಹೆಚ್ಚಿನ ಶಿಕ್ಷೆಗೆ ಗುರಿಯಾಗುವಂತಿದ್ದಾಗ ದೂರು ಕೊಡುವವರು ಯಾರಿದ್ದರು?

ಮಾಸ್‌ನ ಕಾರ್ಯಕರ್ತೆಯ ಕೆಲಸ ಶುರುವಾಗುವುದು ಈ ಇಕ್ಕಟ್ಟಿನಲ್ಲಿ. ಹುಡುಗಿಯ ತಲೆಗೂದಲು ಗಂಟುಗಟ್ಟಿದರೆ ಅದು ಅವ್ವನ, ಅಂದರೆ ಎಲ್ಲಮ್ಮನ, ಜಡೆ, ದೇವಿ ಕರೆದಿದ್ದಾಳೆ ಎಂದು ಮನೆಯವರು ನಂಬುತ್ತಾರೆ. ಸರ್ಕಾರಿ ನೌಕರ ಬಂದು ಅದು ಕೊಳೆ, ಕತ್ತರಿಸಿ ಎಂದರೆ ಬಾಗಿಲು ಮುಚ್ಚುತ್ತದೆ. ತಾನೂ ಮುತ್ತು ಹೊತ್ತವಳು, ಅದನ್ನು ಬಿಟ್ಟ ಮೇಲೂ ಅವ್ವ ಮುನಿಯಲಿಲ್ಲ ಎನ್ನುವ ಹೆಂಗಸಿನ ಮಾತಿಗೆ ಬೇರೆಯೇ ತೂಕವಿದೆ. ಯಾವ ಕೇರಿಯಲ್ಲಿ ಯಾವ ಮನೆಗೆ ಗಂಡುಮಕ್ಕಳಿಲ್ಲ, ಯಾರು ಹರಕೆ ಹೊತ್ತಿದ್ದಾರೆ ಎಂಬುದೂ ಆಕೆಗೆ ಗೊತ್ತು. ಪದ್ಧತಿಯನ್ನು ಉಳಿಸಿಕೊಂಡು ಬಂದಿದ್ದ ಬಳಕೆಯ ಜಾಲವೇ ಅದನ್ನು ತಡೆಯುವ ಜಾಲವಾಯಿತು.

ಮನವೊಲಿಸುವುದು ಒಂದು ಕೆಲಸ, ಸಂಸ್ಥೆ ನಡೆಸುವುದು ಇನ್ನೊಂದು. ಎರಡನೆಯದಕ್ಕೆ ಪಾಠಶಾಲೆಯಾದದ್ದು ಸ್ವಸಹಾಯ ಸಂಘ. ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸುವ ಮೊದಲೇ ಮೈರಾಡ ಇಂಥ ಸಂಘಗಳನ್ನು ಬೆಳೆಸಿತ್ತು. ಉಳಿತಾಯ, ಠರಾವು, ಸಾಲ ಯಾರಿಗೆ ಮೊದಲು ಎಂಬ ಜಗಳ, ಕಂತು ತಪ್ಪಿಸಿದ ಗೆಳತಿಯನ್ನು ಕೇಳುವ ಮುಜುಗರ: ನಿರ್ವಹಣಾ ತರಬೇತಿಯ ಶಿಬಿರಗಳು ನಾಟಕವಾಡಿಸಿ ಕಲಿಸುವುದನ್ನು ಈ ಹೆಂಗಸರು ಸ್ವಂತ ದುಡ್ಡಿನ ಮೇಲೆ ಕಲಿತರು.

ಇಂಥ ಮುಂದಾಳುತನಕ್ಕೆ ನಿರ್ವಹಣಾ ಶಾಸ್ತ್ರದಲ್ಲಿ ಹೆಸರಿದೆ. ಆ ಶಾಸ್ತ್ರದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1924ರಲ್ಲೇ, ಇತರರ ಮೇಲೆ ಚಲಾಯಿಸುವ ಅಧಿಕಾರ ಬೇರೆ, ಇತರರೊಡನೆ ಬೆಳೆಸುವ ಅಧಿಕಾರ ಬೇರೆ ಎಂದಿದ್ದರು. ಮಾಸ್ ಎರಡನೆಯದಕ್ಕೆ ಒಳ್ಳೆಯ ನಿದರ್ಶನ. ಆದರೆ ಭಿನ್ನಾಭಿಪ್ರಾಯವನ್ನು ಬಯಲಿಗಿಟ್ಟು ಬಗೆಹರಿಸಬಹುದೆಂಬ ಫಾಲೆಟ್ ಅವರ ಭರವಸೆ ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ. ಬಯಲಿಗೆ ಬಂದರೆ ಜೈಲು ಕಾದಿರುವ ವಿಷಯವನ್ನು ಪಿಸುಮಾತಿನಲ್ಲೇ ನಿಭಾಯಿಸಬೇಕು.

ಏಳನೆಯ ವಯಸ್ಸಿನಲ್ಲಿ ಸಮರ್ಪಿತರಾಗಿದ್ದ ಸೀತವ್ವ ಜೋಡಟ್ಟಿ ಈ ಸಂಸ್ಥೆಯ ಚುಕ್ಕಾಣಿ ಹಿಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ಸಂಶೋಧಕನನ್ನು ಕಾಡಬೇಕಾದದ್ದು ಉತ್ತರಾಧಿಕಾರದ ಪ್ರಶ್ನೆ. ಸಂಸ್ಥೆ ಗೆದ್ದಷ್ಟೂ ಮುತ್ತು ಹೊತ್ತವರ ಸಂಖ್ಯೆ ಕುಗ್ಗುತ್ತದೆ. ನಾಳೆ ಅವರ ಹೆಣ್ಣುಮಕ್ಕಳು ಈ ಕುರ್ಚಿಗಳಿಗೆ ಬಂದರೆ ಲೆಕ್ಕಪತ್ರ, ಕಂಪ್ಯೂಟರು, ಕಾನೂನು ತಾಯಂದಿರಿಗಿಂತ ಚೆನ್ನಾಗಿ ಬಲ್ಲವರಾಗಿರಬಹುದು. ಜಡೆ ಬಂದ ಹುಡುಗಿಯ ಮನೆಯವರು ಯಾವ ಸಲುಗೆಯ ಮೇಲೆ ಅವರಿಗೆ ಬಾಗಿಲು ತೆರೆಯುತ್ತಾರೆ ಎಂಬುದಿನ್ನೂ ತೀರ್ಮಾನವಾಗಿಲ್ಲ.